ಎಂಎಸ್ ನಡುಕಕ್ಕೆ ಡಿಬಿಎಸ್: ಯಾರಿಗೆ, ಯಾವಾಗ, ಎಷ್ಟರಮಟ್ಟಿಗೆ

(ಬೆಂಗಳೂರಿನಲ್ಲಿ ಎಂಎಸ್ ಇರುವವರಿಗೂ ಅವರ ಮನೆಯವರಿಗೂ ನರರೋಗ ತಜ್ಞರೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

ಇಲ್ಲಿ ಸೇರಿರುವವರಲ್ಲಿ ಹೆಚ್ಚಿನವರು ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್ ಜೊತೆ ವರ್ಷಗಟ್ಟಲೆ ಬಾಳಿದವರು, ಇಲ್ಲವೇ ಅಂಥವರನ್ನು ನೋಡಿಕೊಳ್ಳುತ್ತಿರುವವರು. ದೇಹದ ರೋಗನಿರೋಧಕ ವ್ಯವಸ್ಥೆಯೇ ಮೆದುಳು ಮತ್ತು ಬೆನ್ನುಹುರಿಯ ನರತಂತುಗಳ ಮೇಲಿನ ಮಯಲಿನ್ ಹೊದಿಕೆಯನ್ನು ಕೆಡಿಸುವ ಕಾಯಿಲೆ ಇದು ಎಂಬುದು ನಿಮಗೆ ಗೊತ್ತಿರುವುದರಿಂದ ಆ ಪಾಠವನ್ನು ಮೊದಲಿನಿಂದ ಹೇಳುವುದಿಲ್ಲ. ಇಂದು ನಾನು ಮಾತಾಡುವುದು ಈ ಕಾಯಿಲೆಯ ಒಂದೇ ಒಂದು ತೊಂದರೆಯ ಬಗ್ಗೆ, ಅಂದರೆ ಕೈನಡುಕದ ಬಗ್ಗೆ. ಅದಕ್ಕೆ, ಮೆದುಳಿನ ಆಳಕ್ಕೆ ಎಲೆಕ್ಟ್ರೋಡ್ ಇಳಿಸಿ ಎದೆಯಲ್ಲಿ ಹುದುಗಿಸಿದ ಯಂತ್ರದಿಂದ ವಿದ್ಯುತ್ ಮಿಡಿತ ಕೊಡುವ ಡೀಪ್ ಬ್ರೈನ್ ಸ್ಟಿಮ್ಯುಲೇಷನ್, ಅಂದರೆ ಡಿಬಿಎಸ್ ಎಂಬ ಶಸ್ತ್ರಚಿಕಿತ್ಸೆಯಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದರ ಬಗ್ಗೆ.

ಈ ವಿಷಯವನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಪಾರ್ಕಿನ್ಸನ್ ರೋಗಿಯೊಬ್ಬರ ಕೈ ಗಡಗಡ ನಡುಗುತ್ತಿರುವುದು, ಯಂತ್ರವನ್ನು ಚಾಲೂ ಮಾಡಿದ ಕೆಲವೇ ಕ್ಷಣಗಳಲ್ಲಿ ಅದು ನಿಂತುಹೋಗುವುದು, ಇಂಥ ವಿಡಿಯೊಗಳನ್ನು ವಾಟ್ಸ್ಆ್ಯಪ್‌ನಲ್ಲಿ ನೋಡಿ, ಫೋನನ್ನು ನನ್ನ ಮುಂದೆ ಹಿಡಿದು, 'ಡಾಕ್ಟ್ರೇ, ನಮ್ಮ ಯಜಮಾನರಿಗೂ ಇದನ್ನೇ ಮಾಡಿಸಬಹುದಲ್ವಾ?' ಎಂದು ಕೇಳುವವರು ಹೊರರೋಗಿ ವಿಭಾಗದಲ್ಲಿ ಆಗಾಗ ಸಿಗುತ್ತಾರೆ. ಆ ವಿಡಿಯೊಗಳು ಸುಳ್ಳಲ್ಲ. ಆದರೆ ಪಾರ್ಕಿನ್ಸನ್ ಕೈಯೇ ಬೇರೆ, ಎಂಎಸ್ ಕೈಯೇ ಬೇರೆ. ಈ ವ್ಯತ್ಯಾಸ ತಿಳಿಯದೆ ಆಪರೇಷನ್ ಟೇಬಲ್ ಹತ್ತಿದರೆ ನಡುಕ ನಿಂತಮೇಲೂ ಕೈ ಉಪಯೋಗಕ್ಕೆ ಬಾರದೆ ಉಳಿಯಬಹುದು.

ಪಾರ್ಕಿನ್ಸನ್ ರೋಗದಲ್ಲಿ ಕೈಯನ್ನು ತೊಡೆಯ ಮೇಲೆ ಸುಮ್ಮನೆ ಇಟ್ಟುಕೊಂಡಿದ್ದಾಗಲೇ ನಡುಕ ಹೆಚ್ಚು. ಎಂಎಸ್‌ನಲ್ಲಿ ಅದು ಬಹುತೇಕ ತಿರುವುಮುರುವು: ಸುಮ್ಮನಿದ್ದಾಗ ಕೈ ನಿಶ್ಚಲ, ಚಾಚಿ ಹಿಡಿದಾಗ ಅಲುಗಾಟ, ಏನಾದರೊಂದು ಗುರಿಯತ್ತ ಒಯ್ದಾಗ ಕುಲುಕಾಟ, ಗುರಿ ಹತ್ತಿರವಾದಷ್ಟೂ ಅದು ಜಾಸ್ತಿ. ಪ್ಯಾರಿಸ್‌ನ ಸಾಲ್‌ಪೆತ್ರಿಯೇರ್ ಆಸ್ಪತ್ರೆಯಲ್ಲಿ 1868ರಲ್ಲಿ ನರರೋಗ ತಜ್ಞ ಶಾರ್ಕೋ ಈ ಕಾಯಿಲೆಯನ್ನು ವಿವರಿಸಿದಾಗಲೇ ಕಣ್ಣುಗುಡ್ಡೆಗಳ ಅದುರಾಟ, ಬಿಡಿಸಿ ಬಿಡಿಸಿ ಆಡುವ ಮಾತು ಇವುಗಳ ಜೊತೆಗೆ ಈ ಬಗೆಯ ನಡುಕವನ್ನೂ ಗುರುತಿಸಿದ್ದರು. ಎಂಎಸ್ ಇರುವವರಲ್ಲಿ ಎಷ್ಟು ಮಂದಿಗೆ ನಡುಕ ಇರುತ್ತದೆ ಎಂಬುದಕ್ಕೆ ಅಧ್ಯಯನಗಳು ಕೊಡುವ ಅಂಕಿ ಶೇಕಡ 25ರಿಂದ 60ರವರೆಗೆ ಹರಡಿಕೊಂಡಿದೆ. ಬೆರಳ ತುದಿಯ ಸಣ್ಣ ಅದುರನ್ನೂ ಲೆಕ್ಕಕ್ಕೆ ಹಿಡಿದರೆ ಸಂಖ್ಯೆ ಏರುತ್ತದೆ. ಊಟ, ಬರವಣಿಗೆ, ಗುಂಡಿ ಹಾಕಿಕೊಳ್ಳುವುದು ಎಲ್ಲವನ್ನೂ ಕಸಿದುಕೊಳ್ಳುವಷ್ಟು ತೀವ್ರವಾದ ನಡುಕ ಇರುವವರು ಅದರಲ್ಲಿ ಸಣ್ಣ ಪಾಲು. ಡಿಬಿಎಸ್‌ನ ಮಾತು ಬರುವುದು ಆ ಸಣ್ಣ ಪಾಲಿನವರಿಗೆ ಮಾತ್ರ.

ಪರೀಕ್ಷೆಯ ಕೋಣೆಯಲ್ಲಿ ನಾವು ಮಾಡುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಮುಂದಿನ ತೀರ್ಮಾನವೆಲ್ಲ ಇದರ ಮೇಲೆಯೇ ನಿಂತಿದೆ. ಸ್ಟೀಲ್ ಲೋಟಕ್ಕೆ ಮುಕ್ಕಾಲು ನೀರು ತುಂಬಿ ಮೇಜಿನ ಮೇಲಿಟ್ಟು, ಎತ್ತಿ ಕುಡಿಯಿರಿ ಎನ್ನುತ್ತೇವೆ. ಲೋಟ ಮೇಜಿನಿಂದ ಎದ್ದಾಗ ನೀರು ಸಣ್ಣಗೆ ತುಳುಕುತ್ತದೆ. ಎದೆಯ ಮಟ್ಟಕ್ಕೆ ಬರುವಷ್ಟರಲ್ಲಿ ಕೈ ಎಡಬಲಕ್ಕೆ ಹೊಯ್ದಾಡತೊಡಗುತ್ತದೆ. ತುಟಿಯ ಬಳಿ ಬಂದಾಗ ಲೋಟದ ಅಂಚು ಹಲ್ಲಿಗೆ ಬಡಿಯುತ್ತದೆ, ಅರ್ಧ ನೀರು ಅಂಗಿಯ ಮೇಲೆ. ಅನೇಕರು ಆ ಹೊತ್ತಿಗೆ ಕುತ್ತಿಗೆಯನ್ನೇ ಮುಂದೆ ಚಾಚಿ ಬಾಯಿಯನ್ನು ಲೋಟದ ಬಳಿಗೆ ಒಯ್ಯುತ್ತಾರೆ, ಇನ್ನೊಂದು ಕೈಯಿಂದ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಆಮೇಲೆ ಕಾಗದದ ಮೇಲೆ ಸುರುಳಿ ಬರೆಸುತ್ತೇವೆ. ಒಳಗಿನಿಂದ ಹೊರಕ್ಕೆ ಸುತ್ತುವ ಆ ಗೆರೆಯಲ್ಲಿ ಎರಡು ಬಗೆಯ ದೋಷ ಕಾಣಬಹುದು. ಗೆರೆ ಗರಗಸದ ಹಲ್ಲಿನಂತೆ ಒಂದೇ ಲಯದಲ್ಲಿ, ಸೆಕೆಂಡಿಗೆ ಸುಮಾರು ಮೂರರಿಂದ ಐದು ಸಲ, ಅತ್ತಿತ್ತ ಆಡಿದ್ದರೆ ಅದು ನಡುಕ. ಲಯವೇ ಇಲ್ಲದೆ, ಒಮ್ಮೆ ಗುರಿ ದಾಟಿ ಆಚೆ ಹೋಗಿ, ಮತ್ತೊಮ್ಮೆ ಈಚೆಗೇ ನಿಂತು, ಅಂದಾಜು ತಪ್ಪಿ ಅಲೆದಾಡಿದ್ದರೆ ಅದು ಅಟಾಕ್ಸಿಯ, ಅಂದರೆ ಚಲನೆಯ ಹಿಡಿತವೇ ತಪ್ಪಿರುವುದು.

ಎಂಎಸ್‌ನಲ್ಲಿ ಇವೆರಡೂ ಒಂದೇ ಕೈಯಲ್ಲಿ ಬೆರೆತಿರುತ್ತವೆ. ಮನೆಯವರ ಕಣ್ಣಿಗೆ ಎರಡೂ 'ಕೈ ಅಲ್ಲಾಡೋದು'. ಆದರೆ ಡಿಬಿಎಸ್ ತಗ್ಗಿಸುವುದು ಲಯಬದ್ಧವಾದ ನಡುಕವನ್ನು ಮಾತ್ರ. ಅಟಾಕ್ಸಿಯ ಅದರಿಂದ ಸರಿಹೋಗುವುದಿಲ್ಲ, ಕೆಲವೊಮ್ಮೆ ತುಸು ಹೆಚ್ಚಾಗುವುದೂ ಉಂಟು. ಇವುಗಳ ಜೊತೆಗೆ ಕೈಯ ಬಲ ಕುಂದಿದ್ದರೆ ಅಥವಾ ಬೆರಳುಗಳ ಸ್ಪರ್ಶಜ್ಞಾನ ಹೋಗಿದ್ದರೆ, ನಡುಕ ಪೂರ್ತಿ ನಿಂತರೂ ಲೋಟ ಬಾಯಿಗೆ ಬರುವುದಿಲ್ಲ. ಹೀಗಾಗಿ ಈ ಚಿಕಿತ್ಸೆ ಯಾರಿಗೆ ಹೊಂದುತ್ತದೆ ಎಂಬ ಪ್ರಶ್ನೆಯನ್ನು ನಾನು ಬೇರೆ ಬಗೆಯಲ್ಲಿ ಕೇಳಿಕೊಳ್ಳುತ್ತೇನೆ: ನಡುಕವನ್ನು ಕಳೆದರೆ ಕೆಳಗೆ ಉಳಿಯುವ ಕೈ ಎಂಥದ್ದು?

ನಡುಕ ಹುಟ್ಟುವ ಜಾಗದ ಬಗ್ಗೆ ಒಂದೆರಡು ಮಾತು. ಕಿರುಮೆದುಳಿನ ಒಳಗಿರುವ ಡೆಂಟೇಟ್ ನ್ಯೂಕ್ಲಿಯಸ್ ಎಂಬ ನರಕೋಶಗಳ ಗುಂಪಿನಿಂದ ಹೊರಟ ತಂತುಗಳು ಮೆದುಳಕಾಂಡದಲ್ಲಿ ಎದುರು ಬದಿಗೆ ದಾಟಿ, ಮೆದುಳಿನ ಆಳದಲ್ಲಿರುವ ಥಲಾಮಸ್‌ನ ಒಂದು ಸಣ್ಣ ಭಾಗವನ್ನು ಮುಟ್ಟಿ, ಅಲ್ಲಿಂದ ಚಲನೆಯನ್ನು ನಡೆಸುವ ಮೆದುಳಿನ ತೊಗಟೆಗೆ ಸುದ್ದಿ ತಲುಪಿಸುತ್ತವೆ. ಕೈ ಎಲ್ಲಿದೆ, ಎಷ್ಟು ವೇಗದಲ್ಲಿ ಹೋಗುತ್ತಿದೆ, ಎಲ್ಲಿ ತಡೆಯಬೇಕು ಎಂಬ ತಿದ್ದುಪಡಿ ನಡೆಯುವುದು ಈ ಹಾದಿಯಲ್ಲಿ. ಎಂಎಸ್ ಈ ಹಾದಿಯಲ್ಲಿ ಮಯಲಿನ್ ಕೆಡಿಸಿದಾಗ ಸುದ್ದಿ ತಡವಾಗಿ ತಲುಪುತ್ತದೆ, ತಿದ್ದುಪಡಿಯೂ ತಡವಾಗುತ್ತದೆ, ತಡವಾದ ತಿದ್ದುಪಡಿ ಅತಿಯಾಗುತ್ತದೆ, ಅದನ್ನು ಮತ್ತೆ ತಿದ್ದಬೇಕಾಗುತ್ತದೆ. ಈ ಸುತ್ತಾಟವೇ ಒಂದು ಲಯಕ್ಕೆ ಬಿದ್ದು ನಡುಕವಾಗುತ್ತದೆ. ಥಲಾಮಸ್‌ನ ಆ ಸಣ್ಣ ಭಾಗದ ಹೆಸರು ವೆಂಟ್ರಲ್ ಇಂಟರ್‌ಮೀಡಿಯೇಟ್ ನ್ಯೂಕ್ಲಿಯಸ್. ನಾವು ಅದನ್ನು ವಿಮ್ ಎಂದೇ ಕರೆಯುತ್ತೇವೆ.

ಮಾತ್ರೆಗಳಿಂದ ಇದು ಬಗ್ಗುವುದು ಕಡಿಮೆ. ಪ್ರೊಪ್ರನಾಲಾಲ್, ಪ್ರಿಮಿಡೋನ್, ಕ್ಲೊನಾಜೆಪಾಮ್ ಎಲ್ಲವನ್ನೂ ಕೊಟ್ಟು ನೋಡುತ್ತೇವೆ; ಕೆಲವರಿಗೆ ಅಲ್ಪಸ್ವಲ್ಪ ಅನುಕೂಲ, ಹಲವರಿಗೆ ಬರೀ ಮಂಪರು. ನಮ್ಮ ಊರುಗಳಲ್ಲಿ ಟಿಬಿ ಮಾತ್ರೆ ಎಂದು ಎಲ್ಲರಿಗೂ ಪರಿಚಿತವಾದ ಐಸೋನಯಾಜಿಡ್ ಅನ್ನು ಕೂಡ ಹೆಚ್ಚಿನ ಪ್ರಮಾಣದಲ್ಲಿ, ಬಿ6 ಜೀವಸತ್ವದ ಜೊತೆ, ಇದೇ ನಡುಕಕ್ಕೆ ಪ್ರಯೋಗಿಸಿ ನೋಡಿದ್ದಾರೆ ಎಂದರೆ ವೈದ್ಯರು ಎಷ್ಟು ಕಡೆ ಹುಡುಕಾಡಿದ್ದಾರೆ ಎಂಬುದು ತಿಳಿಯುತ್ತದೆ, ಫಲ ಹೇಳಿಕೊಳ್ಳುವಂಥದ್ದೇನಲ್ಲ. ಬೊಟುಲಿನಮ್ ಟಾಕ್ಸಿನ್ ಚುಚ್ಚುಮದ್ದಿನಿಂದ ನಡುಕ ಇಳಿದದ್ದು ಪರೀಕ್ಷೆಗಳಲ್ಲಿ ಕಂಡಿದೆ, ಆದರೆ ಕೈಯ ಬಲವೂ ತಾತ್ಕಾಲಿಕವಾಗಿ ಕುಗ್ಗುತ್ತದೆ. ಮುಂಗೈಯನ್ನು ತಣ್ಣಗೆ ಮಾಡಿದರೆ ನಡುಕ ಸ್ವಲ್ಪ ಹೊತ್ತು ತಗ್ಗುತ್ತದೆ ಎಂಬುದನ್ನು ನಿಮ್ಮಲ್ಲಿ ಕೆಲವರು ತಾವೇ ಕಂಡುಕೊಂಡಿರಬಹುದು. ಊಟಕ್ಕೆ ಮುಂಚೆ, ಸಹಿ ಹಾಕುವ ಮುಂಚೆ ಮುಂಗೈಗೆ ತಣ್ಣೀರು ಪಟ್ಟಿ ಸುತ್ತಿಕೊಳ್ಳುವುದು ಖರ್ಚಿಲ್ಲದ ಉಪಾಯ, ಅದನ್ನು ಯಾರೂ ಕೀಳಾಗಿ ಕಾಣಬೇಕಿಲ್ಲ.

ಶಸ್ತ್ರಚಿಕಿತ್ಸೆಯ ಇತಿಹಾಸವನ್ನು ಬೇಗ ಮುಗಿಸುತ್ತೇನೆ. ತಲೆಗೆ ಚೌಕಟ್ಟು ಬಿಗಿದು, ಅಳತೆಯ ಲೆಕ್ಕದಲ್ಲಿ ಮೆದುಳಿನ ಆಳದ ಬಿಂದುವನ್ನು ತಲುಪುವ ಸ್ಟೀರಿಯೊಟ್ಯಾಕ್ಟಿಕ್ ವಿಧಾನವನ್ನು ಮನುಷ್ಯರಲ್ಲಿ ಮೊದಲು 1947ರಲ್ಲಿ ಸ್ಪೀಗೆಲ್ ಮತ್ತು ವೈಸಿಸ್ ವರದಿ ಮಾಡಿದರು. ಅದರ ನಂತರ ಥಲಾಮಸ್‌ನ ಆ ಭಾಗವನ್ನು ಸುಟ್ಟು ನಡುಕ ನಿಲ್ಲಿಸುವ ಥಲಮಾಟಮಿ ಬಳಕೆಗೆ ಬಂತು. ನಮ್ಮ ಬೆಂಗಳೂರಿಗೂ ಈ ಚರಿತ್ರೆಯಲ್ಲಿ ಪಾಲಿದೆ: ಆಗಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿದ್ದ ನರಶಸ್ತ್ರಚಿಕಿತ್ಸಕ ಡಾ. ಆರ್. ಎಂ. ವರ್ಮ ಅವರು ತಲೆಬುರುಡೆಯನ್ನು ಕೊರೆಯದೆ, ಕೆನ್ನೆಯ ಕಡೆಯಿಂದ ಸೂಜಿ ತೂರಿಸಿ, ಬುರುಡೆಯ ತಳದ ಸಹಜ ರಂಧ್ರವೊಂದರ ಮೂಲಕ ಥಲಾಮಸ್ ತಲುಪುವ ವಿಧಾನವನ್ನು ಪಾರ್ಕಿನ್ಸನ್ ರೋಗಿಗಳಲ್ಲಿ ಬಳಸಿದ್ದರು. ಆ ಸಂಸ್ಥೆಯೂ ಪಕ್ಕದ ಮಾನಸಿಕ ಆಸ್ಪತ್ರೆಯೂ 1974ರ ಡಿಸೆಂಬರ್‌ನಲ್ಲಿ ಒಂದಾಗಿ ನಿಮ್ಹಾನ್ಸ್ ಆದಾಗ ಅದರ ಮೊದಲ ನಿರ್ದೇಶಕರೂ ಅವರೇ. ಇನ್ನು ಸುಡುವುದರ ಬದಲು ವಿದ್ಯುತ್ ಹರಿಸುವ ಪ್ರಯತ್ನ ಎಂಎಸ್ ರೋಗಿಗಳಲ್ಲಿ ನಡೆದದ್ದು ಹೊಸತೇನಲ್ಲ. ಇಂಗ್ಲೆಂಡಿನ ಬ್ರೈಸ್ ಮತ್ತು ಮೆಕ್‌ಲೆಲನ್ 1980ರಲ್ಲೇ ಅದನ್ನು ಪ್ರಕಟಿಸಿದ್ದರು. ಆದರೆ ಇಂದಿನ ಡಿಬಿಎಸ್‌ನ ನಿಜವಾದ ಆರಂಭ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ, 1987ರಲ್ಲಿ. ಥಲಮಾಟಮಿಗೆ ಮುನ್ನ ಸರಿಯಾದ ಜಾಗವನ್ನು ಪರೀಕ್ಷಿಸಲು ವಿದ್ಯುತ್ ಕೊಡುತ್ತಿದ್ದ ನರಶಸ್ತ್ರಚಿಕಿತ್ಸಕ ಬೆನಬಿಡ್ ಅವರಿಗೆ, ಸೆಕೆಂಡಿಗೆ ನೂರರ ಆಸುಪಾಸಿನ ವೇಗದಲ್ಲಿ ಮಿಡಿತ ಕೊಟ್ಟರೆ ಸುಡದೆಯೇ ನಡುಕ ನಿಲ್ಲುವುದು ಕಂಡಿತು. ನಿಲ್ಲಿಸಿದರೆ ನಡುಕ ವಾಪಸ್, ಕೊಟ್ಟರೆ ಮತ್ತೆ ಮಾಯ. ಸುಟ್ಟದ್ದನ್ನು ಮತ್ತೆ ಮೊದಲಿನಂತೆ ಮಾಡಲಾಗದು, ವಿದ್ಯುತ್ತನ್ನು ಹೆಚ್ಚು ಕಡಿಮೆ ಮಾಡಬಹುದು. ಈ ಒಂದು ಗುಣದಿಂದಲೇ ಡಿಬಿಎಸ್ ಹರಡಿತು.

ಈಗ ಆಪರೇಷನ್ ಹೇಗೆ ನಡೆಯುತ್ತದೆ ಎಂದು ನೋಡೋಣ. ಬೆಳಿಗ್ಗೆ ತಲೆಗೆ ಮರಗಟ್ಟುವ ಚುಚ್ಚುಮದ್ದು ಕೊಟ್ಟು ಲೋಹದ ಚೌಕಟ್ಟನ್ನು ಬಿಗಿಯುತ್ತಾರೆ, ಸ್ಕ್ಯಾನ್ ತೆಗೆಯುತ್ತಾರೆ, ಅದನ್ನು ಮೊದಲೇ ತೆಗೆದ ಎಂಆರ್‌ಐ ಜೊತೆ ಕೂಡಿಸಿ ಗುರಿಯನ್ನೂ ಹಾದಿಯನ್ನೂ ಲೆಕ್ಕ ಹಾಕುತ್ತಾರೆ. ವಿಮ್ ಇರುವುದು ಮೆದುಳಿನ ಮಧ್ಯರೇಖೆಯಿಂದ 12ರಿಂದ 15 ಮಿಲಿಮೀಟರ್ ಪಕ್ಕಕ್ಕೆ. ಅದರ ಅಗಲವೂ ಕೆಲವೇ ಮಿಲಿಮೀಟರ್. ಹಲವು ವರ್ಷ ಎಂಎಸ್ ಇದ್ದವರ ಮೆದುಳು ಕುಗ್ಗಿ, ಒಳಗಿನ ನೀರಿನ ಕೋಣೆಗಳು ಹಿಗ್ಗಿರುವುದರಿಂದ ಪುಸ್ತಕದ ಲೆಕ್ಕ ನೇರವಾಗಿ ಹೊಂದುವುದಿಲ್ಲ. ಇಲ್ಲಿ ರೋಗಿಯೇ ನಮಗೆ ದಾರಿ ತೋರಿಸಬೇಕು. ಮೆದುಳಿಗೆ ನೋವು ತಿಳಿಯುವುದಿಲ್ಲವಾದ್ದರಿಂದ ಅವರನ್ನು ಎಚ್ಚರದಲ್ಲೇ ಇಟ್ಟು, ಸಣ್ಣ ರಂಧ್ರದ ಮೂಲಕ ಸುಮಾರು 1.3 ಮಿಲಿಮೀಟರ್ ದಪ್ಪದ ಎಲೆಕ್ಟ್ರೋಡನ್ನು ಇಳಿಸಿ, ವಿದ್ಯುತ್ ಕೊಡುತ್ತಾ ಹೋಗುತ್ತಾರೆ. 'ಅಮ್ಮಾ, ಕೈಯಲ್ಲಿ ಜುಮ್ ಅಂತಿದೆಯಾ? ತುಟಿಯಲ್ಲಿ?' ಎಂದು ಕೇಳುತ್ತಾರೆ. ಕಡಿಮೆ ವಿದ್ಯುತ್ತಿಗೇ ಜುಮ್ಮೆನಿಸಿ ಹಾಗೆಯೇ ನಿಂತರೆ ಎಲೆಕ್ಟ್ರೋಡ್ ತೀರಾ ಹಿಂದಕ್ಕಿದೆ, ಸಂವೇದನೆಯ ಭಾಗವನ್ನು ಮುಟ್ಟಿದೆ ಎಂದರ್ಥ. ವಾರದ ದಿನಗಳನ್ನು ಹೇಳಿ ಎಂದಾಗ ಮಾತು ತೊದಲಿದರೆ, ಮುಖ ಸೆಳೆದರೆ ಅದು ಹೊರಬದಿಗೆ ಸರಿದಿದೆ. ಎರಡೂ ಇಲ್ಲದೆ, ಚಾಚಿದ ಕೈ ತಹಬಂದಿಗೆ ಬಂದರೆ ಜಾಗ ಸಿಕ್ಕಂತೆ. ಎಲೆಕ್ಟ್ರೋಡ್ ನೆಲೆನಿಂತ ಮೇಲೆ ಪೂರ್ಣ ಅರಿವಳಿಕೆ ಕೊಟ್ಟು, ಕಿವಿಯ ಹಿಂದಿನಿಂದ ಚರ್ಮದಡಿಯಲ್ಲೇ ತಂತಿ ಎಳೆದು, ಕಾಲರ್ ಮೂಳೆಯ ಕೆಳಗೆ ಬ್ಯಾಟರಿ ಇರುವ ಸಾಧನವನ್ನು ಹುದುಗಿಸುತ್ತಾರೆ.

ಆಮೇಲಿನ ಒಂದು ಸಂಗತಿಯನ್ನು ಮನೆಯವರು ಮುಖ್ಯವಾಗಿ ತಿಳಿದಿರಬೇಕು. ಎಲೆಕ್ಟ್ರೋಡ್ ಇಳಿಸಿದ ಗಾಯ, ಅದರ ಸುತ್ತಲಿನ ಊತ ಇವುಗಳಿಂದಲೇ, ಯಂತ್ರ ಇನ್ನೂ ಚಾಲೂ ಆಗುವ ಮೊದಲೇ, ನಡುಕ ಕೆಲವು ದಿನ ಅಥವಾ ವಾರ ಇಳಿದಿರುತ್ತದೆ. ಮನೆಗೆ ಹೋಗಿ ಎಲ್ಲರಿಗೂ ಫೋನ್ ಮಾಡಿ 'ಪೂರ್ತಿ ವಾಸಿಯಾಯ್ತು' ಎಂದು ಹೇಳಿದ ಮೇಲೆ ಊತ ಇಳಿದು ನಡುಕ ಮರುಕಳಿಸಿದರೆ ಎದೆ ಒಡೆದಂತಾಗುತ್ತದೆ. ನಿಜವಾದ ಚಿಕಿತ್ಸೆ ಶುರುವಾಗುವುದೇ ಆಗ. ಮಿಡಿತದ ವೇಗ ಸೆಕೆಂಡಿಗೆ ಸಾಮಾನ್ಯವಾಗಿ 130ರಿಂದ 185. ಯಾವ ತುದಿಯಿಂದ, ಎಷ್ಟು ತೀವ್ರತೆಯಲ್ಲಿ, ಎಷ್ಟು ಅಗಲದ ಮಿಡಿತ ಎಂಬುದನ್ನು ತಿಂಗಳುಗಟ್ಟಲೆ ಹಲವು ಭೇಟಿಗಳಲ್ಲಿ ಹೊಂದಿಸಬೇಕಾಗುತ್ತದೆ. ದೂರದ ಊರಿನಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಬಂದು ಹೋಗಬೇಕಾದವರು ಈ ಓಡಾಟದ ಲೆಕ್ಕವನ್ನು ಆಪರೇಷನ್ನಿಗೆ ಮುಂಚೆಯೇ ಹಾಕಿಕೊಳ್ಳಬೇಕು.

ಫಲ ಎಷ್ಟು? ಪ್ರಾಮಾಣಿಕವಾಗಿ ಹೇಳುವುದಾದರೆ, ಪಾರ್ಕಿನ್ಸನ್ ಮತ್ತು, ಬೇರೆ ನರರೋಗವಿಲ್ಲದೆ ತಾನಾಗಿಯೇ ಬರುವ ನಡುಕವಾದ ಎಸೆನ್ಷಿಯಲ್ ಟ್ರೆಮರ್‌ಗೆ ಇರುವಷ್ಟು ಗಟ್ಟಿಯಾದ ಪುರಾವೆ ಎಂಎಸ್ ನಡುಕಕ್ಕೆ ಇಲ್ಲ. ನೆದರ್‌ಲೆಂಡ್ಸ್‌ನಲ್ಲಿ ಥಲಮಾಟಮಿಯನ್ನೂ ವಿದ್ಯುತ್ ಪ್ರಚೋದನೆಯನ್ನೂ ಹೋಲಿಸಿ 2000ನೇ ಇಸವಿಯಲ್ಲಿ ಪ್ರಕಟವಾದ ಹೆಸರಾಂತ ಅಧ್ಯಯನದಲ್ಲಿದ್ದ 68 ಜನರಲ್ಲಿ ಎಂಎಸ್ ಇದ್ದವರು ಬರೀ 10. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 1997ರಲ್ಲಿ ಥಲಾಮಸ್ ಪ್ರಚೋದನೆಗೆ ಒಪ್ಪಿಗೆ ಕೊಟ್ಟದ್ದು ಎಸೆನ್ಷಿಯಲ್ ಟ್ರೆಮರ್ ಮತ್ತು ಪಾರ್ಕಿನ್ಸನ್ ನಡುಕಕ್ಕೆ. ಎಂಎಸ್ ಆ ಪಟ್ಟಿಯಲ್ಲಿರಲಿಲ್ಲ. ಎಂಎಸ್ ರೋಗಿಗಳನ್ನೇ ಇಟ್ಟುಕೊಂಡು ಫ್ಲಾರಿಡಾ ವಿಶ್ವವಿದ್ಯಾಲಯದವರು ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 12 ಮಂದಿ ಇದ್ದರು. ವಿಮ್‌ಗೆ ಒಂದು, ಅದರ ಮುಂದಿನ ವಿಒ ಎಂಬ ಭಾಗಕ್ಕೆ ಇನ್ನೊಂದು, ಹೀಗೆ ಒಂದೇ ಬದಿಗೆ ಎರಡು ಎಲೆಕ್ಟ್ರೋಡ್ ಇಳಿಸಿದರು. ಆರು ತಿಂಗಳಲ್ಲಿ ನಡುಕದ ತೀವ್ರತೆಯನ್ನು ಅಳೆಯುವ ಅಂಕ ಸರಾಸರಿ 57ರಿಂದ 40ಕ್ಕೆ ಇಳಿಯಿತು, ಅಂದರೆ ಸುಮಾರು ಶೇಕಡ 30. ಕೊನೆಯವರೆಗೂ ಉಳಿದ 11 ಜನರಲ್ಲಿ ಮೂವರಿಗೆ ಏನೂ ಗುಣ ಕಾಣಲಿಲ್ಲ. ಶೇಕಡ 30 ಎಂದರೆ ವಿಡಿಯೊದಲ್ಲಿ ಕಂಡಂಥ ಮಾಯೆಯಲ್ಲ. ಆದರೆ ಇನ್ನೊಬ್ಬರು ತುತ್ತು ತಿನ್ನಿಸುತ್ತಿದ್ದವರು ತಾವೇ ಚಮಚ ಹಿಡಿದು ಮೊಸರನ್ನ ತಿನ್ನುವಷ್ಟಾದರೆ ಅದನ್ನು ಸಣ್ಣ ಲಾಭ ಎನ್ನಲು ನನಗೆ ಮನಸ್ಸಿಲ್ಲ.

ಕಾಲ ಕಳೆದಂತೆ ಲಾಭ ಸವೆಯುವುದೂ ಇದೆ. ಡಿಬಿಎಸ್ ಎಂಎಸ್‌ನ ಓಟವನ್ನು ತಡೆಯುವುದಿಲ್ಲ. ಮೆದುಳಿನಲ್ಲಿ ಹಾನಿಯ ಹೊಸ ಕಲೆಗಳು ಮೂಡಿದರೆ, ಕೈಯ ಬಲ ಕುಂದಿದರೆ, ಅಟಾಕ್ಸಿಯ ಬಲಿತರೆ ಯಂತ್ರ ತನ್ನ ಕೆಲಸ ಮಾಡುತ್ತಲೇ ಇದ್ದರೂ ಕೈ ಹಿಂದೆ ಬೀಳುತ್ತದೆ. ಮೆದುಳು ಪ್ರಚೋದನೆಗೆ ಒಗ್ಗಿಹೋಗಿ, ವಿದ್ಯುತ್ ಏರಿಸುತ್ತಾ ಹೋಗಬೇಕಾಗಿ ಬರುವವರೂ ಇದ್ದಾರೆ. ಆಗ ಬ್ಯಾಟರಿ ಬೇಗ ಖಾಲಿ.

ಅಪಾಯಗಳಲ್ಲಿ ಮೊದಲನೆಯದು ಮೆದುಳಿನೊಳಗೆ ರಕ್ತಸ್ರಾವ, ಇದು ನೂರಕ್ಕೆ ಒಬ್ಬಿಬ್ಬರಲ್ಲಿ. ಎರಡನೆಯದು ಸೋಂಕು; ಎಂಎಸ್‌ಗಾಗಿ ರಿಟುಕ್ಸಿಮ್ಯಾಬ್‌ನಂಥ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಪಡೆಯುತ್ತಿರುವವರಲ್ಲಿ ಇದರ ಚಿಂತೆ ಹೆಚ್ಚು, ಆದ್ದರಿಂದ ಡೋಸಿನ ದಿನ ಮತ್ತು ಆಪರೇಷನ್ನಿನ ದಿನವನ್ನು ಇಬ್ಬರು ವೈದ್ಯರೂ ಕೂತು ಹೊಂದಿಸಬೇಕು. ಎರಡೂ ಬದಿಗೆ ಎಲೆಕ್ಟ್ರೋಡ್ ಹಾಕಿಸಿ ಎಂದು ಒತ್ತಾಯಿಸುವವರಿಗೆ ನಾನು ಸಾಮಾನ್ಯವಾಗಿ ಬೇಡ ಎನ್ನುತ್ತೇನೆ. ಎರಡು ಬದಿಯ ಥಲಾಮಸ್ ಪ್ರಚೋದನೆ ಮಾತನ್ನು ತೊದಲಿಸುತ್ತದೆ, ನಡಿಗೆಯ ತೂಕ ತಪ್ಪಿಸುತ್ತದೆ. ಎಂಎಸ್‌ನಲ್ಲಿ ಇವೆರಡೂ ಮೊದಲೇ ಕೆಟ್ಟಿರುತ್ತವೆ. ಹೆಚ್ಚು ಬಳಸುವ ಒಂದು ಕೈಗೆ ಮಾಡಿ ನೋಡುವುದು ಜಾಣತನ.

ಹಾಗಾದರೆ ಯಾರಿಗೆ? ಕೆಲವು ತಿಂಗಳುಗಳಿಂದ ಕಾಯಿಲೆ ಉಲ್ಬಣವಾಗದೆ ತಟಸ್ಥವಾಗಿರುವವರು, ಎಂಆರ್‌ಐಯಲ್ಲಿ ಹೊಸ ಉರಿಯೂತ ಕಾಣದವರು, ಕೈಯಲ್ಲಿ ಬಲ ಮತ್ತು ಸ್ಪರ್ಶ ಉಳಿದವರು, ನೆನಪು ಮತ್ತು ತಿಳಿವಳಿಕೆ ಗಟ್ಟಿಯಾಗಿರುವವರು, ಮಾತ್ರೆಗಳನ್ನು ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡು ನೋಡಿಯೂ ಫಲ ಕಾಣದವರು. ಇಷ್ಟರ ಮೇಲೆ, ನಡುಕವೇ ಮುಖ್ಯ ತೊಡಕಾಗಿರಬೇಕು, ಅಟಾಕ್ಸಿಯ ಅಲ್ಲ. ಈ ಜರಡಿಯಲ್ಲಿ ಉಳಿಯುವವರು ಕಡಿಮೆ. ಇನ್ನೊಂದು ಕಡೆ, ಕೊನೆಯ ಉಪಾಯವೆಂದು ಮುಂದೂಡಿ ಮುಂದೂಡಿ, ಕೈಯ ಬಲ ಹೋದಮೇಲೆ ಕಳುಹಿಸುವ ವೈದ್ಯರ ಬಗ್ಗೆಯೂ ನನಗೆ ಅಸಮಾಧಾನವಿದೆ. ಆ ಹೊತ್ತಿಗೆ ನಮ್ಮ ಕೈಯಲ್ಲಿ ಮಾಡುವಂಥದ್ದು ಏನೂ ಉಳಿದಿರುವುದಿಲ್ಲ.

ಖರ್ಚು ಹಲವು ಲಕ್ಷ ರೂಪಾಯಿ. ರೀಚಾರ್ಜ್ ಮಾಡಲಾಗದ ಬ್ಯಾಟರಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬರುತ್ತದೆ, ಆಮೇಲೆ ಅದನ್ನು ಬದಲಿಸಬೇಕು. ರೀಚಾರ್ಜ್ ಮಾಡುವಂಥದ್ದು ಹೆಚ್ಚು ಕಾಲ ಬಾಳಿದರೂ ಬೆಲೆ ಜಾಸ್ತಿ, ಕೈ ನಡುಗುವವರು ತಾವೇ ಚಾರ್ಜರನ್ನು ಎದೆಯ ಮೇಲೆ ಸರಿಯಾಗಿ ಕೂರಿಸಿಕೊಳ್ಳುವುದೂ ಕಷ್ಟ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಕೂಡ ಇದೆ. ಪ್ರಮಾಣಪತ್ರ ಮಾಡಿಸಿಕೊಳ್ಳದವರು ಮೊದಲು ಆ ಕೆಲಸ ಮಾಡಿ.

ತಲೆ ಕೊರೆಯದೆ, ಎಂಆರ್‌ಐ ಯಂತ್ರದೊಳಗೇ ಶಬ್ದತರಂಗಗಳನ್ನು ಒಂದು ಬಿಂದುವಿಗೆ ಕೂಡಿಸಿ ವಿಮ್ ಅನ್ನು ಸುಡುವ ಫೋಕಸ್ಡ್ ಅಲ್ಟ್ರಾಸೌಂಡ್ ಬಗ್ಗೆಯೂ ಕೇಳುತ್ತೀರಿ. ಅದಕ್ಕೆ 2016ರಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು ಎಸೆನ್ಷಿಯಲ್ ಟ್ರೆಮರ್‌ಗೆ. ಬ್ಯಾಟರಿಯ ತಾಪತ್ರಯವಿಲ್ಲ ಎಂಬುದು ಅದರ ಅನುಕೂಲ. ಮೊದಲೇ ಹಾನಿಗೊಂಡ ಮೆದುಳಿನಲ್ಲಿ ಇನ್ನೊಂದು ಶಾಶ್ವತ ಗಾಯ ಮಾಡುತ್ತೇವೆ ಎಂಬುದು ನನ್ನ ಹಿಂಜರಿಕೆ.

ಕೊನೆಗೆ, ಡಿಬಿಎಸ್ ಈಗಾಗಲೇ ಆಗಿರುವವರಿಗೆ ಎರಡು ಎಚ್ಚರಿಕೆಗಳು. ಎಂಎಸ್ ಇರುವವರಿಗೆ ಎಂಆರ್‌ಐ ಪದೇ ಪದೇ ಬೇಕಾಗುತ್ತದೆ, ಆದರೆ ಸಾಧನ ಇರುವ ದೇಹವನ್ನು ಎಲ್ಲ ಯಂತ್ರದಲ್ಲೂ ಮಲಗಿಸುವಂತಿಲ್ಲ. ಯಾವ ಮಾದರಿಗೆ ಯಾವ ಷರತ್ತು ಎಂಬುದನ್ನು ತಯಾರಕರೇ ಹೇಳಿರುತ್ತಾರೆ. ಸಾಧನದ ಗುರುತಿನ ಚೀಟಿಯನ್ನು ಸ್ಕ್ಯಾನ್ ಕೇಂದ್ರದಲ್ಲಿ ಹೆಸರು ಬರೆಸುವಾಗಲೇ ತೋರಿಸಿ, ಮೆಟ್ರೊ ನಿಲ್ದಾಣದ ತಪಾಸಣೆಯಲ್ಲೂ ಅದೇ ಚೀಟಿ ಉಪಯೋಗಕ್ಕೆ ಬರುತ್ತದೆ. ಎರಡನೆಯದು ಇದಕ್ಕಿಂತ ಗಂಭೀರ. ಭುಜ ನೋವು, ಬೆನ್ನು ನೋವು ಎಂದು ಫಿಸಿಯೋಥೆರಪಿಗೆ ಹೋದಾಗ ಅಲ್ಲಿ ಡಯಾಥರ್ಮಿ ಎಂಬ ಶಾಖದ ಚಿಕಿತ್ಸೆ ಕೊಡುವುದುಂಟು. ಡಿಬಿಎಸ್ ಇರುವವರಿಗೆ ಅದನ್ನು ದೇಹದ ಯಾವ ಭಾಗಕ್ಕೂ ಕೊಡಬಾರದು, ಯಂತ್ರ ಆಫ್ ಆಗಿದ್ದರೂ ಕೊಡಬಾರದು. ಆ ಶಕ್ತಿ ತಂತಿಯುದ್ದಕ್ಕೂ ಹರಿದು ಎಲೆಕ್ಟ್ರೋಡಿನ ತುದಿಯಲ್ಲಿ ಮೆದುಳನ್ನು ಸುಡುತ್ತದೆ, ಪ್ರಾಣಕ್ಕೂ ಅಪಾಯ. ಅಂಗಿಯೊಳಗಿನ ಉಬ್ಬನ್ನು ಪೇಸ್‌ಮೇಕರ್ ಎಂದುಕೊಂಡು ಫಿಸಿಯೋಥೆರಪಿಸ್ಟ್ ಸುಮ್ಮನಾಗಬಹುದು, ಅಥವಾ ಉಬ್ಬು ಅವರ ಕಣ್ಣಿಗೇ ಬೀಳದಿರಬಹುದು. ಅವರು ಕೇಳುವವರೆಗೆ ಕಾಯದೆ ನೀವೇ ಹೇಳಿ.